ಹೊಲಿದು ಅಂಟಿಸಿದ ಕೆಂಪು ಹಾಯಿಯ ದೋಣಿ

1963ರ ಜನವರಿಯಲ್ಲಿ ಲಂಡನ್ನಿನ ಬೋಟ್ ಶೋದಲ್ಲಿ ಒಂದು ಪುಟ್ಟ ಮರದ ಹಾಯಿದೋಣಿಯನ್ನು ಜನರ ಮುಂದಿಟ್ಟರು. ಉದ್ದ 3.3 ಮೀಟರ್, ಅಂದ್ರೆ ಹನ್ನೊಂದು ಅಡಿಗೆ ಎರಡು ಇಂಚು ಕಮ್ಮಿ. ಅಗಲ 1.4 ಮೀಟರ್. ಬರೀ ಒಡಲಿನ ತೂಕ ಸುಮಾರು 45 ಕೆಜಿ, ಒಂದು ಮೂಟೆ ಸಿಮೆಂಟಿಗಿಂತ ಹಗುರ. ಮೂತಿ ಚೂಪಾಗಿರೋ ಬದಲು ಯಾರೋ ಗರಗಸ ಹಾಕಿ ಕತ್ತರಿಸಿದ ಹಾಗೆ ಚಪ್ಪಟೆ. ಹಾಯಿ ಮಾತ್ರ ಮೈಲಿ ದೂರಕ್ಕೂ ಕಾಣುವಷ್ಟು ಕೆಂಪು. ಬೆಲೆ 63 ಪೌಂಡ್ 11 ಶಿಲ್ಲಿಂಗ್. ಆದರೆ ಆ ದುಡ್ಡಿಗೆ ಸಿಗ್ತಿದ್ದದ್ದು ದೋಣಿ ಅಲ್ಲ, ದೋಣಿಯ ತುಂಡುಗಳು. ಕಟ್ಟಿಕೊಳ್ಳೋದು ಕೊಂಡವರ ಕೆಲಸ.

ದೋಣಿಯ ಹೆಸರು ಮಿರರ್. ಡೈಲಿ ಮಿರರ್ ಪತ್ರಿಕೆ ಮುಂದೆ ನಿಂತು ಮಾಡಿಸಿದ್ದರಿಂದ ಆ ಹೆಸರು. ಪತ್ರಿಕೆಯ ತಲೆಬರಹದ ಕೆಂಪೇ ಹಾಯಿಗೂ ಬಂತು. ಹೋದಲ್ಲೆಲ್ಲ ತೇಲುವ ಜಾಹೀರಾತು, ಅದೂ ಗಿರಾಕಿಯ ಖರ್ಚಿನಲ್ಲಿ! ಆ ಕಾಲಕ್ಕೆ ಅದು ದಿನಕ್ಕೆ ಐವತ್ತು ಲಕ್ಷದ ಆಸುಪಾಸು ಪ್ರತಿ ಖರ್ಚಾಗುತ್ತಿದ್ದ ಪತ್ರಿಕೆ, ಓದುಗರಲ್ಲಿ ಬಹುಪಾಲು ದುಡಿಯುವ ಜನ. ಬ್ರಿಟನ್ನಿನ ಕಾರ್ಖಾನೆ ಕೆಲಸಗಾರನ ವಾರದ ಸರಾಸರಿ ಗಳಿಕೆ ಆಗ ಸುಮಾರು 16 ಪೌಂಡ್. ಅಂದ್ರೆ ನಾಲ್ಕು ವಾರದ ಸಂಬಳಕ್ಕೆ ಒಂದು ಹಾಯಿದೋಣಿ. ಇದರಲ್ಲಿ ಏನು ದೊಡ್ಡ ವಿಷಯ ಅನ್ನೋದಕ್ಕೆ ಮೊದಲು ದೋಣಿಗಳನ್ನ ಹೇಗೆ ಕಟ್ಟುತ್ತಿದ್ದರು ಅಂತ ನೋಡಬೇಕು.

ಮರದ ದೋಣಿ ಅಂದರೆ ಬಡಗಿಯ ಕೆಲಸದಲ್ಲೇ ಕಷ್ಟದ್ದು. ಬಾಗಿಲು, ಕಿಟಕಿ, ಮಂಚ ಎಲ್ಲದರಲ್ಲೂ ನೇರ ಗೆರೆ ಇದೆ, ಮೂಲೆಮಟ್ಟ ಇಟ್ಟು ನೋಡಬಹುದು. ದೋಣಿಯಲ್ಲಿ ಮೂಲೆಮಟ್ಟ ಇಡೋಕೆ ಜಾಗವೇ ಇಲ್ಲ. ಮೊದಲು ದೊಡ್ಡ ನೆಲದ ಮೇಲೆ ದೋಣಿಯ ಗೆರೆಗಳನ್ನು ಪೂರ್ತಿ ಅಳತೆಯಲ್ಲಿ ಬರೆಯಬೇಕು. ಅದರಿಂದ ಅಚ್ಚುಗಳನ್ನು ಕೊಯ್ದು ಸಾಲಾಗಿ ನಿಲ್ಲಿಸಬೇಕು. ಆಮೇಲೆ ಒಂದೊಂದೇ ಹಲಗೆ. ಪ್ರತಿ ಹಲಗೆಯ ಆಕಾರವೂ ಬೇರೆ. ಕೆಲವನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರೋದರೊಳಗೆ ಬಗ್ಗಿಸಿ ಬಿಗಿಯಬೇಕು. ಇದನ್ನು ಕಲಿಯೋಕೆ ವರ್ಷಗಟ್ಟಲೆ ಒಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯಬೇಕಿತ್ತು. ಹಾಗಾಗಿ ದೋಣಿಯ ಬೆಲೆಯಲ್ಲಿ ದೊಡ್ಡ ಪಾಲು ಮರದ್ದಲ್ಲ, ಆ ಕೈಗಳದ್ದು. ವಿಹಾರಕ್ಕೆ ಅಂತ ಹಾಯಿದೋಣಿ ಇಟ್ಟುಕೊಳ್ಳೋದು ಹಣವಂತರ ಶೋಕಿ ಆಗಿದ್ದಕ್ಕೆ ಇದೂ ಒಂದು ಕಾರಣ.

ಇದನ್ನು ಬದಲಿಸಿದ್ದರಲ್ಲಿ ಎರಡನೇ ಮಹಾಯುದ್ಧಕ್ಕೆ ಒಳ್ಳೇ ಪಾಲಿದೆ. ಮರದ ತೆಳು ಪದರಗಳನ್ನು ಅಂಟಿಸಿ ಪ್ಲೈವುಡ್ ಮಾಡೋದು ಮೊದಲೇ ಗೊತ್ತಿತ್ತು, ಆದರೆ ನೀರು ತಗುಲಿದರೆ ಪದರ ಬಿಡುತ್ತಿತ್ತು. ಯುದ್ಧದಲ್ಲಿ ಬ್ರಿಟಿಷರು ಮಾಸ್ಕಿಟೋ ಅನ್ನೋ ಬಾಂಬರ್ ವಿಮಾನವನ್ನು ಬಹುಪಾಲು ಮರದಲ್ಲೇ ಕಟ್ಟಿದರು. 1944ರಲ್ಲಿ ಭಾರತದಲ್ಲಿದ್ದ ಕೆಲವು ಮಾಸ್ಕಿಟೋಗಳ ಅಂಟು ಬಿಟ್ಟುಕೊಂಡು ಹಾರಾಟ ನಿಲ್ಲಿಸಬೇಕಾಯಿತು ಅನ್ನೋದೂ ಚರಿತ್ರೆಯಲ್ಲಿದೆ. ನಮ್ಮ ಸೆಕೆ, ನಮ್ಮ ಮಳೆ ಸಾಮಾನ್ಯದ್ದಲ್ಲ. ಇಂಥ ಒತ್ತಡದಲ್ಲಿ ನೀರಿಗೆ ಜಗ್ಗದ ರಾಸಾಯನಿಕ ಅಂಟುಗಳು ಗಟ್ಟಿಯಾದವು. ಯುದ್ಧ ಮುಗಿದಾಗ ಒಳ್ಳೇ ಅಂಟು, ಒಳ್ಳೇ ಪ್ಲೈವುಡ್ಡು, ಜೊತೆಗೆ ಫೈಬರ್ ಗ್ಲಾಸ್ ಮತ್ತು ಪಾಲಿಯೆಸ್ಟರ್ ರೆಸಿನ್ ಮಾರುಕಟ್ಟೆಗೆ ಬಂದವು.

ಈ ಸಾಮಾನು ಇಟ್ಟುಕೊಂಡು ಹೊಸ ದಾರಿ ಹುಡುಕಿದವರಲ್ಲಿ ಕೆನ್ ಲಿಟಲ್‌ಡೈಕ್ ಒಬ್ಬರು. ಇವರು ಮರಗೆಲಸ ಕಲಿಸುವ ಶಾಲಾ ಮೇಷ್ಟ್ರು. ಕಯಾಕ್ ಅನ್ನೋ ಸಣ್ಣ ದೋಣಿಗಳನ್ನು ಅಚ್ಚಿಲ್ಲದೆ, ಹಬೆ ಇಲ್ಲದೆ, ಪ್ಲೈವುಡ್ ಹಾಳೆಗಳನ್ನು ತಂತಿಯಿಂದ ಹೊಲಿದು ಕಟ್ಟುವ ಬಗೆ ಕಂಡುಕೊಂಡರು.

ಹೊಲಿಯೋದು ಅಂದರೆ ಏನು ಅಂತ ಹೇಳೋಕೆ ನನಗೆ ಮುತ್ತುಗದೆಲೆಯ ದೊನ್ನೆಗಿಂತ ಒಳ್ಳೇ ಉದಾಹರಣೆ ಸಿಗಲ್ಲ. ಎಲೆ ಚಪ್ಪಟೆ. ಅಂಚುಗಳನ್ನು ಒಂದು ಲೆಕ್ಕದಲ್ಲಿ ಮಡಚಿ ಕಡ್ಡಿ ಚುಚ್ಚಿದರೆ ಪಾಯಸ ನಿಲ್ಲುವ ಬಟ್ಟಲು. ಬಟ್ಟಲಿನ ಆಕಾರ ಎಲ್ಲಿಂದ ಬಂತು? ಯಾವ ಅಂಚು ಯಾವ ಅಂಚಿಗೆ ಸೇರಬೇಕು ಅನ್ನೋ ನಿರ್ಧಾರದಿಂದ. ಮಿರರ್ ದೋಣಿಯೂ ಅಷ್ಟೇ. ಸುಮಾರು 5 ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಲ್ಲಿ ತಳಕ್ಕೆ ಎರಡು, ಪಕ್ಕಗಳಿಗೆ ಎರಡು ಹಲಗೆ, ಮುಂದೊಂದು ಹಿಂದೊಂದು ಅಡ್ಡಹಲಗೆ. ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ, ಇಕ್ಕಳದಿಂದ ತಿರುಚುತ್ತಾ ಹೋದರೆ ಹಲಗೆಗಳು ತಾವೇ ಬಾಗಿ ಎದ್ದು ನಿಲ್ಲುತ್ತವೆ. ನೆಲದ ಮೇಲೆ ಬಿದ್ದಿದ್ದ ಹಾಳೆ ಒಂದೇ ಸಂಜೆಯಲ್ಲಿ ದೋಣಿ ಥರ ಕಾಣತೊಡಗುತ್ತೆ. ಆಮೇಲೆ ಒಳಗಡೆ ಸಂದಿಗಳ ಮೇಲೆ ಫೈಬರ್ ಗ್ಲಾಸ್ ಪಟ್ಟಿ ಇಟ್ಟು ರೆಸಿನ್ ಬಳಿಯೋದು. ಅದು ಕಲ್ಲಾದ ಮೇಲೆ ಹೊರಗೆ ಚಾಚಿದ ತಂತಿ ಕತ್ತರಿಸಿ, ಉಜ್ಜಿ, ಹೊರಗೂ ಪಟ್ಟಿ.

ನಮ್ಮ ಪಶ್ಚಿಮ ಕರಾವಳಿಯವರಿಗೆ ಹೊಲಿದ ದೋಣಿ ಹೊಸದೇನಲ್ಲ. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗುಗಳ ಬಗ್ಗೆ ಬರೆದಿದ್ದಾನೆ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗನ್ನು ಅಜಂತಾದ ಚಿತ್ರವೊಂದನ್ನು ನೋಡಿ ಇದೇ ಹಳೇ ಪದ್ಧತಿಯಲ್ಲಿ ಕಟ್ಟಿದ್ದು. ಆದರೆ ಎರಡೂ ಒಂದೇ ಅಂತ ಹೇಳಿದರೆ ತಪ್ಪಾಗುತ್ತೆ. ನಾರಿನ ಹಡಗಿನಲ್ಲಿ ಹೊಲಿಗೆಯೇ ಜೀವ. ಅಲೆಯ ಹೊಡೆತವನ್ನೆಲ್ಲ ಹಗ್ಗವೇ ತಡೆಯುತ್ತೆ. ಮಿರರಿನಲ್ಲಿ ಹೊಲಿಗೆ ಬರೀ ರೆಸಿನ್ ಒಣಗುವವರೆಗೆ ಹಿಡಿದಿಟ್ಟುಕೊಳ್ಳೋ ಕೈ. ಮೊದಲನೆಯದಕ್ಕೆ ನುರಿತ ಹೊಲಿಗೆಗಾರ ಬೇಕು, ಎರಡನೆಯದಕ್ಕೆ ಇಕ್ಕಳ ಹಿಡಿಯೋಕೆ ಬಂದರೆ ಸಾಕು.

ಲಿಟಲ್‌ಡೈಕ್ ಅವರ ಈ ಬಗೆಯನ್ನು ಎತ್ತಿಕೊಂಡವರು ಬ್ಯಾರಿ ಬಕ್‌ನೆಲ್. ಬಿಬಿಸಿ ಟೀವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಮನುಷ್ಯ. 1962ರಲ್ಲಿ ಲಂಡನ್ನಿನ ಈಲಿಂಗಿನಲ್ಲಿದ್ದ ಒಂದು ಹಳೇ ಮನೆಯನ್ನು ವಾರವಾರವೂ ಕ್ಯಾಮೆರಾ ಮುಂದೆ ದುರಸ್ತಿ ಮಾಡಿ ಮನೆಮಾತಾಗಿದ್ದರು. (ಹಳೇ ಕೆತ್ತನೆ ಬಾಗಿಲುಗಳ ಮೇಲೆ ಹಾರ್ಡ್‌ಬೋರ್ಡ್ ಹೊಡೆಯೋದನ್ನು ಕಲಿಸಿದ ತಪ್ಪಿಗೆ ಹಳೇ ಮನೆ ಪ್ರೀತಿಸುವವರು ಇವತ್ತಿಗೂ ಅವರನ್ನು ಬೈಯೋದುಂಟು.) ಸಾಮಾನ್ಯ ಮನುಷ್ಯನ ಕೈಗೆ ಏನು ಬರುತ್ತೆ, ಏನು ಬರಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸುಲಭವಾಗಿ ಕಟ್ಟಬಹುದು ಅನ್ನೋ ಒಂದೇ ಕಾರಣಕ್ಕೆ ದೋಣಿ ಚೆನ್ನಾಗಿ ಹಾಯಲ್ಲವಲ್ಲ. ಅದಕ್ಕೆ ಬೇಕಿದ್ದವರು ಜ್ಯಾಕ್ ಹೋಲ್ಟ್. 1947ರ ಕ್ಯಾಡೆಟ್, 1949ರ ಜಿಪಿ14, 1956ರ ಎಂಟರ್‌ಪ್ರೈಸ್ ಹೀಗೆ ಪ್ಲೈವುಡ್ ದೋಣಿಗಳನ್ನು ಒಂದರ ಹಿಂದೆ ಒಂದು ರೂಪಿಸಿದವರು. ಕಟ್ಟುವ ವಿಧಾನ ಬಕ್‌ನೆಲ್ ಕಡೆಯಿಂದ, ಒಡಲಿನ ಆಕಾರ ಮತ್ತು ಹಾಯಿ ಹೋಲ್ಟ್ ಕಡೆಯಿಂದ.

ಈ ದೋಣಿಯ ವಿನ್ಯಾಸದಲ್ಲಿ ನನಗೆ ಬಹಳ ಇಷ್ಟವಾಗೋದು ಅದರ ಚಪ್ಪಟೆ ಮೂತಿ. ಮೊದಲ ಸಲ ಫೋಟೋ ನೋಡಿದವರಿಗೆ ಕುರೂಪ ಅನ್ನಿಸಬಹುದು. ಆದರೆ ಯೋಚನೆ ಮಾಡಿ. ಪ್ಲೈವುಡ್ ಹಾಳೆ ಒಂದು ದಿಕ್ಕಿಗೆ ಮಾತ್ರ ಬಗ್ಗುತ್ತೆ. ಪೇಪರ್ ಥರ ಕೊಳವೆಯನ್ನೋ ಶಂಕುವನ್ನೋ ಮಾಡಬಹುದು, ಮಡಕೆಯ ಹೊಟ್ಟೆ ಮಾಡೋಕಾಗಲ್ಲ. ಚೂಪು ಮೂತಿ ಬೇಕಂದರೆ ಹಾಳೆಯನ್ನು ಜೋರಾಗಿ ತಿರುಚಬೇಕು, ಮುಂದೆ ಓರೆಯಾಗಿ ಕೆತ್ತಿದ ದಪ್ಪ ಮರದ ಕಂಬ ಕೂರಿಸಬೇಕು. ಮೂತಿಯನ್ನೇ ಕತ್ತರಿಸಿಬಿಟ್ಟರೆ ಆ ಕೆತ್ತನೆಯೇ ಬೇಡ. ಜೊತೆಗೆ ಅಷ್ಟೇ ಉದ್ದದಲ್ಲಿ ಒಳಗೆ ಜಾಗ ಜಾಸ್ತಿ, ಕಾರಿನ ಮೇಲಿಟ್ಟಾಗ ಮುಂದಕ್ಕೆ ಚಾಚಿಕೊಳ್ಳೋ ಕೊಂಬೂ ಇಲ್ಲ.

ಹಾಯಿಕಂಬದ ವಿಷಯವೂ ಹಾಗೇ. ಈ ಅಳತೆಯ ದೋಣಿಗೆ ಒಂದೇ ತುಂಡಿನ ಎತ್ತರದ ಕಂಬ ಹಾಕಿದರೆ ಅದು ದೋಣಿಗಿಂತ ಉದ್ದ ಆಗುತ್ತೆ, ಸಾಗಿಸೋದು ಫಜೀತಿ. ಹೋಲ್ಟ್ ಹಳೇ ಗಂಟರ್ ಪದ್ಧತಿಯನ್ನು ಆರಿಸಿಕೊಂಡರು. ಗಿಡ್ಡ ಕಂಬ ಒಂದು, ಅದರ ಬೆನ್ನಿಗೆ ಹಗ್ಗದಿಂದ ಮೇಲಕ್ಕೇರುವ ಇನ್ನೊಂದು ಕೋಲು. ಎರಡೂ ಸೇರಿ ಎತ್ತರದ ಹಾಯಿಯನ್ನು ಹಿಡಿಯುತ್ತವೆ, ಇಳಿಸಿದರೆ ಎಲ್ಲಾ ದೋಣಿಯೊಳಗೇ ಮಲಗುತ್ತೆ. ಕಾರಿನ ಮೇಲೆ ಕಟ್ಟಬಹುದು, ಸಣ್ಣ ಟ್ರೈಲರ್ ಮೇಲಿಟ್ಟು ಎಳೆದುಕೊಂಡು ಹೋಗಬಹುದು. ದೋಣಿ ನಿಲ್ಲಿಸೋಕೆ ಬಂದರಿನಲ್ಲಿ ಬಾಡಿಗೆ ಕಟ್ಟೋದು ತಪ್ಪಿತು. ಕೊಂಡವನಿಗೆ 63 ಪೌಂಡಿನ ಕಿಟ್ಟಿನಷ್ಟೇ ಮುಖ್ಯವಾದದ್ದು ಈ ಉಳಿತಾಯ. ದೋಣಿಯನ್ನು ಮನೆ ಹಿತ್ತಲಲ್ಲಿ ಬೋರಲು ಹಾಕಿಟ್ಟುಕೊಂಡು, ಭಾನುವಾರ ಹತ್ತಿರದ ಕೆರೆಗೋ ನದಿಗೋ ಒಯ್ದರಾಯ್ತು. ಹರಿಗೋಲನ್ನು ತಲೆ ಮೇಲೆ ಹೊತ್ತು ನಡೆಯೋರನ್ನ ತುಂಗಭದ್ರೆಯ ದಂಡೆಯಲ್ಲಿ ನೋಡಿದವರಿಗೆ ಈ ಅನುಕೂಲದ ಬೆಲೆ ಹೇಳಿಕೊಡಬೇಕಿಲ್ಲ.

ಒಳಗಿನ ಅಡ್ಡಗೋಡೆಗಳೂ ಒಂದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಕಟ್ಟುವಾಗ ಒಡಲು ಸರಿಯಾದ ಆಕಾರದಲ್ಲಿ ನಿಲ್ಲಲು ಆಸರೆ. ಕಟ್ಟಿದ ಮೇಲೆ ತೆಳು ಪ್ಲೈವುಡ್ಡಿಗೆ ಬಿಗಿ. ಮುಂದೆ, ಹಿಂದೆ, ಪಕ್ಕಗಳಲ್ಲಿ ಗಾಳಿ ತುಂಬಿದ ಡಬ್ಬಿಗಳಾಗಿ ದೋಣಿ ಮಗುಚಿದರೂ ಮುಳುಗದ ಹಾಗೆ ತೇಲಿಸುತ್ತವೆ. ಮೇಲೆ ಕೂತರೆ ಆಸನ. ದಿನವಿಡೀ ಕೋಡ್ ಬರೆಯುವ ನಮ್ಮಂಥವರಿಗೆ ಇಂಥದ್ದು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತೆ.

ಲೆಸ್ಟರಿನ ಬೆಲ್ ವುಡ್‌ವರ್ಕಿಂಗ್ ಕಂಪನಿ ಕಿಟ್ಟುಗಳನ್ನು ಕೊಯ್ದು ಕಳಿಸಿತು. ಕೊಂಡವರು ಗ್ಯಾರೇಜಿನಲ್ಲಿ ಕಟ್ಟಿದರು, ಅದು ಇಲ್ಲದವರು ಮನೆಯೊಳಗೇ ಜಾಗ ಮಾಡಿಕೊಂಡರು. ಶಾಲೆಗಳಲ್ಲಿ ಮಕ್ಕಳು ಕಟ್ಟಿದರು. ಹಾಯಿ ಮೇಲಿನ ಕ್ರಮಸಂಖ್ಯೆ ಮುಂದೆ 70,000 ದಾಟಿತು.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಕಾಡುತ್ತೆ. ಹಳೇ ಮೇಸ್ತ್ರಿಯ ಜ್ಞಾನ ಎಲ್ಲಿ ಹೋಯ್ತು? ಮಾಯವಾಗಲಿಲ್ಲ, ಜಾಗ ಬದಲಿಸಿತು. ಹಲಗೆಯ ಅಂಚು ಎಷ್ಟು ಬಾಗಬೇಕು ಅನ್ನೋದು ಮೊದಲು ಮೇಸ್ತ್ರಿಯ ಕಣ್ಣಿನಲ್ಲಿತ್ತು. ಈಗ ಕೊಯ್ದು ಕಳಿಸಿದ ಪ್ಲೈವುಡ್ಡಿನ ಅಂಚಿನಲ್ಲೇ ಅಡಗಿತ್ತು. ಕಟ್ಟುವವನಿಗೆ ಅದು ಗೊತ್ತಿರಬೇಕಾಗಿಲ್ಲ, ತೂತಿಗೆ ತೂತು ಸೇರಿಸಿದರೆ ಸಾಕು. ಹಾಗಾಗಿ ಸಾವಿರಾರು ಜನ ತಂತಮ್ಮ ದೋಣಿ ಕಟ್ಟಿಕೊಂಡರೂ ಅವರಲ್ಲಿ ಬಹಳಷ್ಟು ಮಂದಿ ಅದೊಂದೇ ದೋಣಿಯನ್ನು ಕಟ್ಟಬಲ್ಲವರು. ನಮ್ಮೂರಿನ ಆಚಾರ್ರು ಎತ್ತಿನ ಗಾಡಿಯ ಚಕ್ರಕ್ಕೆ ಮರ ಆರಿಸೋದನ್ನ ನೋಡಿ ಬೆಳೆದವನಾದ್ದರಿಂದ ಇದರಲ್ಲಿ ನಷ್ಟವೇ ಇಲ್ಲ ಅಂತ ಹೇಳೋಕೆ ನನ್ನ ನಾಲಿಗೆ ಏಳಲ್ಲ. ಆದರೂ ತೂಗಿ ನೋಡಿದರೆ ನಾನು ಕಿಟ್ಟಿನ ಪರ. ಮೇಸ್ತ್ರಿಯ ದೋಣಿಯನ್ನು ಈ ಜನ ಯಾವತ್ತೂ ಕೊಳ್ಳುತ್ತಿರಲಿಲ್ಲ. ದಂಡೆ ಮೇಲೇ ನಿಂತು ನೋಡುತ್ತಿದ್ದರು.

ಇಷ್ಟು ಸಣ್ಣ ದೋಣಿ ಎಲ್ಲಿಯವರೆಗೆ ಹೋಗಬಲ್ಲದು? ಎ.ಜೆ. ಮೆಕಿನನ್ ಅನ್ನೋ ಶಾಲಾ ಮೇಷ್ಟ್ರು 1997ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರಿನಿಂದ ಜ್ಯಾಕ್ ಡಿ ಕ್ರೋ ಅನ್ನೋ ಮಿರರ್ ದೋಣಿಯಲ್ಲಿ ಹೊರಟರು. ನದಿ, ಕಾಲುವೆ ಹಿಡಿದು ಲಂಡನ್, ಅಲ್ಲಿಂದ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸ್, ಆಮೇಲೆ ರೈನ್, ಮೈನ್, ಡ್ಯಾನ್ಯೂಬ್ ನದಿಗಳು. 1998ರಲ್ಲಿ ರುಮೇನಿಯಾದ ಸುಲಿನಾದಲ್ಲಿ ಕಪ್ಪು ಸಮುದ್ರ ಮುಟ್ಟಿದರು. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ಹುಟ್ಟು. ಹೋಲ್ಟ್ ಮತ್ತು ಬಕ್‌ನೆಲ್ ಇಂಥ ಪ್ರಯಾಣಕ್ಕೆ ಅಂತ ಮಾಡಿದ ದೋಣಿ ಖಂಡಿತಾ ಅಲ್ಲ ಅದು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಸಂದಿ ಮುಚ್ಚೋಕೆ ಬಂದ ಫೈಬರ್ ಗ್ಲಾಸ್ ಇಡೀ ದೋಣಿಯನ್ನೇ ನುಂಗಿತು. ಅಚ್ಚಿನಲ್ಲಿ ಎರಕ ಹೊಯ್ದಂತೆ ಒಡಲುಗಳು ಹೊರಬಂದವು, ಬಣ್ಣ ಬಳಿಯೋ ಕಷ್ಟ ಇಲ್ಲ, ಕೊಳೆಯೋ ಭಯ ಇಲ್ಲ. ಮುಂದೆ ಮಿರರ್ ದೋಣಿಗಳನ್ನೂ ಹಾಗೇ ಮಾಡತೊಡಗಿದರು. ಇತ್ತ ಹೊಲಿದು ಅಂಟಿಸೋ ವಿಧಾನವನ್ನು ಮನೆಯಲ್ಲಿ ದೋಣಿ ಕಟ್ಟುವವರು ಬಿಡಲಿಲ್ಲ. ಪಾಲಿಯೆಸ್ಟರ್ ಜಾಗಕ್ಕೆ ಎಪಾಕ್ಸಿ ಬಂತು, ತಾಮ್ರದ ತಂತಿ ಬದಲು ಎಲೆಕ್ಟ್ರಿಷಿಯನ್ನುಗಳು ಬಳಸೋ ಪ್ಲಾಸ್ಟಿಕ್ ಟ್ಯಾಗನ್ನೂ ಕಟ್ಟುತ್ತಾರೆ, ಹಲಗೆ ಕೊಯ್ಯೋಕೆ ಕಂಪ್ಯೂಟರ್ ನಡೆಸುವ ಯಂತ್ರ.

ಹಳೇ ಮರದ ಮಿರರ್‌ಗಳು ಈಗಲೂ ಕೈಯಿಂದ ಕೈಗೆ ಬದಲಾಗುತ್ತಿವೆ. ಅವಕ್ಕೆ ರೋಗ ಬರೋದು ಸಾಮಾನ್ಯವಾಗಿ ಗಾಳಿಡಬ್ಬಿಗಳ ಮೂಲೆಯಲ್ಲಿ, ನೀರು ನಿಂತು ಆರದೆ ಉಳಿಯುವ ಕಡೆ. ಕಪ್ಪಾದ ಪ್ಲೈವುಡ್ ಕೊಯ್ದು ತೆಗೆದು, ಹೊಸ ತುಂಡು ಕೂರಿಸಿ, ಮತ್ತೆ ಪಟ್ಟಿ, ಮತ್ತೆ ರೆಸಿನ್. ಹಾಗೆ ಹಳೇ ಪಟ್ಟಿ ಕಿತ್ತಾಗ ಒಳಗೆ ಸಾಲಾಗಿ ಹಸಿರುಗಟ್ಟಿದ ತಾಮ್ರದ ಗಂಟುಗಳು ಕಾಣುತ್ತವೆ. ಕೆಲವು ಅಚ್ಚುಕಟ್ಟು, ಕೆಲವು ಅಡ್ಡಾದಿಡ್ಡಿ, ಕಟ್ಟಿದವರ ಕೈ ಇದ್ದ ಹಾಗೆ.