ಬೋರ್ಡಿನ ಅರ್ಥಗಳು, ಕನ್ನಡದ ಆಯ್ಕೆ

ಬೋರ್ಡ್ ಎಂದರೆ ಮೂಲದಲ್ಲಿ ಮರದ ಹಲಗೆ. ಹಳೆಯ ಇಂಗ್ಲಿಷಿನಲ್ಲಿ ಗುರಾಣಿಗೂ ಹಡಗಿನ ಪಕ್ಕಕ್ಕೂ ಇದೇ ಮಾತು ಸಲ್ಲುತ್ತಿತ್ತು. ಹಲಗೆಯನ್ನು ಕಾಲುಗಳ ಮೇಲಿಟ್ಟಾಗ ಅದು ಊಟದ ಮೇಜಾಯಿತು. ಮೇಜಿನ ಹೆಸರು ಬಡಿಸಿದ ಊಟಕ್ಕೂ, ಮೇಜಿನ ಸುತ್ತ ಕೂತು ತೀರ್ಮಾನ ಕೈಗೊಳ್ಳುವವರಿಗೂ ಅಂಟಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಮೇಲೆ ಕಣ್ಣಿಡಲು 1784ರ ಕಾಯಿದೆ ಹುಟ್ಟುಹಾಕಿದ ಸಮಿತಿಯ ಹೆಸರೇ 'ಬೋರ್ಡ್ ಆಫ್ ಕಂಟ್ರೋಲ್'. ವಸ್ತುವಿನಿಂದ ಬಳಕೆಗೆ, ಬಳಕೆಯಿಂದ ಬಳಸುವ ಜನರಿಗೆ ಅರ್ಥ ಹೀಗೆ ಹಬ್ಬುತ್ತದೆ.

ಇಷ್ಟು ಅರ್ಥಗಳ ಪದ ಕನ್ನಡಕ್ಕೆ ಬಂದಾಗ ಎಲ್ಲವನ್ನೂ ಹೊತ್ತು ತರಲಿಲ್ಲ. ಬೇಕಾದ್ದನ್ನು ಕನ್ನಡವೇ ಆರಿಸಿಕೊಂಡಿತು. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಸ್ವಿಚ್ ಬೋರ್ಡು, ಕೇರಂ ಬೋರ್ಡು, ಹೌಸಿಂಗ್ ಬೋರ್ಡು ನಮ್ಮವಾದವು. 'ಬೋರ್ಡಿಂಗ್ ಮತ್ತು ಲಾಡ್ಜಿಂಗ್' ಎಂಬ ಬರಹ ಹೋಟೆಲುಗಳ ಮೇಲೆ ಕಂಡರೂ ಬರೀ 'ಬೋರ್ಡು' ಎಂದರೆ ಕನ್ನಡದಲ್ಲಿ ಯಾರಿಗೂ ಊಟ ನೆನಪಾಗದು. ಮೇಜಿನ ಅರ್ಥವೂ ನಮ್ಮಲ್ಲಿ ನಿಲ್ಲಲಿಲ್ಲ. ಬದಲಿಗೆ ಬಾಡಿಗೆ ಕಾರನ್ನು 'ಯೆಲ್ಲೋ ಬೋರ್ಡ್', ಸ್ವಂತದ ಕಾರನ್ನು 'ವೈಟ್ ಬೋರ್ಡ್' ಎನ್ನುವ ರೂಢಿ ಇಲ್ಲಿ ಬೆಳೆಯಿತು. ಇಂಗ್ಲೆಂಡಿನವರು 'ನಂಬರ್ ಪ್ಲೇಟ್' ಎನ್ನುವ ತಗಡು ನಮ್ಮಲ್ಲಿ ಬೋರ್ಡಾಗಿ, ಆ ಬೋರ್ಡೇ ಇಡೀ ಗಾಡಿಯ ಹೆಸರಾಯಿತು.

ಇಂಥ ಪದ ಒಳಬಂದರೆ ಕನ್ನಡದ ಪದಗಳು ಸಾಯುತ್ತವೆ ಎಂಬ ಆತಂಕ ಹಲವರದು. ಅದನ್ನು ಹಗುರವಾಗಿ ಕಾಣಬಾರದು. ಶಾಲೆಯ ಕರಿಹಲಗೆ ಮಾತಿನಲ್ಲಿ ಹಿಂದೆ ಸರಿದಿರುವುದು ನಿಜ. ಆದರೆ ಮರ ಕೊಯ್ಯುವಲ್ಲಿ ಹಲಗೆ ಹಲಗೆಯಾಗಿಯೇ ಇದೆ, ಸಮಾರಂಭಗಳಲ್ಲಿ ಅನಾವರಣಗೊಳ್ಳುವುದು ನಾಮಫಲಕವೇ, ಸರ್ಕಾರಿ ಕಾಗದದಲ್ಲಿ ಹೌಸಿಂಗ್ ಬೋರ್ಡು ಗೃಹ ಮಂಡಳಿಯೇ. ಒಂದೇ ಪದಕ್ಕೆ ಹತ್ತು ಅರ್ಥವಾದರೆ ಗೊಂದಲವಾಗದೇ ಎಂಬುದು ಇನ್ನೊಂದು ಆಕ್ಷೇಪ. ಬೋರ್ಡು ಬರೆಸಿದರು, ಬೋರ್ಡು ನೋಡಿ ಹತ್ತಿದರು, ಬೋರ್ಡಿಗೆ ಅರ್ಜಿ ಹಾಕಿದರು: ಈ ಮೂರರಲ್ಲಿ ಯಾರೂ ತಡವರಿಸುವುದಿಲ್ಲ, ಕ್ರಿಯಾಪದವೇ ಅರ್ಥವನ್ನು ಬಿಡಿಸಿಕೊಡುತ್ತದೆ.

ಅರ್ಥವನ್ನು ಹೀಗೆ ಹಬ್ಬಿಸುವ ಕಲೆ ಕನ್ನಡಕ್ಕೆ ಹೊಸದೂ ಅಲ್ಲ. ನಮ್ಮ ಮಣೆಯನ್ನೇ ನೋಡಿ. ಕೂರುವ ಮಣೆ, ಈಳಿಗೆಮಣೆ, ಚನ್ನೆಮಣೆ ಬೇರೆಬೇರೆ ವಸ್ತುಗಳು. ಹಸೆಮಣೆ ಏರುವುದೆಂದರೆ ಮದುವೆಯಾಗುವುದು, ಮಣೆ ಹಾಕುವುದೆಂದರೆ ಮನ್ನಣೆ ಕೊಡುವುದು. ಮರದ ತುಂಡಿನಿಂದ ಮರ್ಯಾದೆಯ ತನಕ ಒಂದು ಪದವನ್ನು ನಡೆಸಬಲ್ಲ ನುಡಿ, ಹೊರಗಿನ ಪದವೊಂದನ್ನು ತನ್ನ ಹದಕ್ಕೆ ತಂದುಕೊಂಡರೆ ಅದನ್ನು ಸೋಲೆನ್ನಲಾಗದು. ಹಾಗಾಗಿ ನಿಘಂಟುಕಾರರು ಬೋರ್ಡಿನ ಮುಂದೆ ಹಲಗೆ, ಮಂಡಳಿ ಎಂದಷ್ಟೇ ಬರೆದು ಮುಗಿಸದೆ, ಜನ ಕೊಟ್ಟ ವಾಹನದ ಅರ್ಥವನ್ನೂ ದಾಖಲಿಸಬೇಕು. ಎರವಲು ಪದದ ಲೆಕ್ಕ ಪೂರ್ತಿಯಾಗಬೇಕಾದರೆ ಪಡೆದದ್ದರ ಜೊತೆಗೆ ನಾವು ಸೇರಿಸಿದ್ದೂ ಅದರಲ್ಲಿರಬೇಕು.