ನೀರಿಗಿಳಿದ ಲೋಹವನ್ನು ಹಿಡಿಯುವವರು

ಎಲೆ ಕೊಳೆಯುತ್ತದೆ, ಚರಂಡಿಯ ಹೊಲಸೂ ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂಗಳಿಗೆ ಆ ಗತಿಯಿಲ್ಲ. ನೀರಿಗೆ ಸೇರಿದ ಭಾರಲೋಹ ನೀರಿನಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ದೇಹಕ್ಕೆ ಜಾಗ ಬದಲಿಸುತ್ತದೆ, ಅಷ್ಟೆ. ಅದನ್ನು ನೀರಿನಲ್ಲಿಯೇ ತಡೆದು ಹಿಡಿಯಲು ವಿಜ್ಞಾನ ಕಂಡುಕೊಂಡ ದಾರಿಗಳಲ್ಲೊಂದು ಬ್ಯಾಕ್ಟೀರಿಯ.

ವಿಚಿತ್ರವೆಂದರೆ, ಗಣಿನೀರಿನ ಚರಿತ್ರೆಯಲ್ಲಿ ಬ್ಯಾಕ್ಟೀರಿಯ ಮೊದಲು ಕಾಣಿಸಿಕೊಂಡದ್ದು ಅಪರಾಧಿಯಾಗಿ. ಗಂಧಕ ಬೆರೆತ ಅದಿರಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟಿ ಲೋಹಗಳನ್ನು ಕರಗಿಸುತ್ತದೆ. ಇದರಲ್ಲಿ ಸೂಕ್ಷ್ಮಾಣುವಿನ ಕೈವಾಡವಿದೆಯೆಂದು ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ 1947ರಲ್ಲಿ ಕಲ್ಲಿದ್ದಲು ಗಣಿಗಳ ನೀರನ್ನು ಪರೀಕ್ಷಿಸಿ ತೋರಿಸಿದರು. ಅದರ ಇನ್ನೊಂದು ಮುಖವನ್ನು 1976ರಲ್ಲಿ ಕೆನಡಾದ ಬೆವರಿಡ್ಜ್ ಮತ್ತು ಮರೇ ಮುಂದಿಟ್ಟರು. ಮಣ್ಣಿನಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯದ ಕೋಶಭಿತ್ತಿ ದ್ರಾವಣದಲ್ಲಿರುವ ಲೋಹಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಭಿತ್ತಿಯ ಋಣ ವಿದ್ಯುದಂಶ ಲೋಹದ ಧನ ಅಯಾನುಗಳನ್ನು ಸೆಳೆಯುವುದೇ ಇದಕ್ಕೆ ಕಾರಣ. ಈ ಕೆಲಸಕ್ಕೆ ಜೀವವೂ ಬೇಕಿಲ್ಲ. ಸತ್ತ ಬ್ಯಾಕ್ಟೀರಿಯದ ರಾಶಿಯೇ ಸಾಕು.

ಜೀವಂತ ಬ್ಯಾಕ್ಟೀರಿಯದ ದಾರಿ ಬೇರೆ. ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಬದುಕುವ ಕೆಲವು ಜಾತಿಗಳು ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತವೆ. ಅದು ಲೋಹದೊಡನೆ ಕೂಡಿ, ಕರಗದ ಗಸಿಯಾಗಿ ತಳ ಸೇರುತ್ತದೆ. ಆದರೆ ತೀವ್ರ ಆಮ್ಲವಿರುವ ಗಣಿನೀರಿನಲ್ಲಿ ಇವು ಬೆಳೆಯುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚೊಕ್ಕಲಿಂಗಂ ಮತ್ತು ಸುಬ್ರಮಣಿಯನ್ ಇದಕ್ಕೆ ಭತ್ತದ ಹೊಟ್ಟಿನ ನೆರವು ಪಡೆದರು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹೊಟ್ಟು ಗಣಿನೀರಿನ ಶೇ. 98ರಷ್ಟು ಸತುವನ್ನು, ಶೇ. 95ರಷ್ಟು ತಾಮ್ರವನ್ನು ಹೀರಿತು, ಆಮ್ಲೀಯತೆಯೂ ತಗ್ಗಿತು. ಬಳಿಕ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ಗಣಿನೀರಿನಲ್ಲಿ ಡಿಸಲ್ಫೊಟೊಮ್ಯಾಕ್ಯುಲಂ ನೈಗ್ರಿಫಿಕನ್ಸ್ ಎಂಬ ಬ್ಯಾಕ್ಟೀರಿಯವನ್ನು ಬೆಳೆಸಿದಾಗ ಶೇ. 89ರಷ್ಟು ಸತು, ಶೇ. 75ರಷ್ಟು ತಾಮ್ರ ಬೇರ್ಪಟ್ಟವು.

ಅಕ್ಕಿ ಗಿರಣಿಯ ಕಸಕ್ಕೆ ಈ ಗುಣವಿದ್ದರೆ ತೆಂಗಿನ ಕಸಕ್ಕೂ ಇದೆ. ಹಾಲ್ಕುರಿಕೆ, ತಿಪಟೂರು, ತುರುವೇಕೆರೆ ಸೀಮೆಯವರು ಬಲ್ಲ ತೆಂಗಿನ ನಾರಿನ ಪುಡಿಯಿಂದ ಮಾಡಿದ ಇಂಗಾಲ ಪಾದರಸವನ್ನು ಹೀರಬಲ್ಲದೆಂದು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯದ ನಮಸಿವಾಯಂ ಮತ್ತು ಕದಿರ್ವೇಲು 1999ರಲ್ಲಿ ತೋರಿಸಿದ್ದರು.

ಆದರೆ ಹೀರಿದ ಮಾತ್ರಕ್ಕೆ ಲೋಹ ಇಲ್ಲವಾಗುವುದಿಲ್ಲ. ಬೆಂಗಳೂರಿನ ಪ್ರಯೋಗದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಎರಡು ಬಾರಿ ತೊಳೆದಾಗ ಹೊಟ್ಟು ತಾನು ಹಿಡಿದಿದ್ದ ಲೋಹವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಟ್ಟುಕೊಟ್ಟಿತು. ಹಾಗೆ ಮರಳಿ ಪಡೆದ ಲೋಹ ಉಪಯೋಗಕ್ಕೆ ಬಂದೀತು. ತೊಳೆಯದೆ ಹೊಟ್ಟನ್ನು, ಗಸಿಯನ್ನು ತಿಪ್ಪೆಗೆ ಸುರಿದರೆ ಕೆರೆಯ ವಿಷ ಹೊಲ ಸೇರುತ್ತದೆ. ನೀರು ತಿಳಿಯಾಯಿತೆಂದು ಕೆಲಸ ಮುಗಿಯಲಿಲ್ಲ. ಹಿಡಿದ ಲೋಹಕ್ಕೆ ಲೆಕ್ಕ ಇಟ್ಟಾಗಲೇ ಮುಗಿದಂತೆ.