ಹೆಸರು, ವಿಳಾಸ, ಟೆಲಿಫೋನ್ ನಂಬರು: ಪೋಲೆಂಡಿನ ಕಾರ್ಮಿಕರ ರಕ್ಷಣಾ ಸಮಿತಿಗೆ 50 ವರ್ಷ

1976ರ ಜುಲೈ ನಡುವಿನ ಒಂದು ದಿನ ವಾರ್ಸಾದ ನ್ಯಾಯಾಲಯದ ಕಾರಿಡಾರಿನಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದ ಎರಡು ಗುಂಪುಗಳು ನಿಂತಿದ್ದವು. ಒಂದು ಕಡೆ ಉರ್ಸುಸ್ ಟ್ರ್ಯಾಕ್ಟರ್ ಕಾರ್ಖಾನೆಯ ಕಾರ್ಮಿಕರ ಹೆಂಡಂದಿರು, ತಾಯಂದಿರು. ಅವರ ಮನೆಯ ಗಂಡಸರು ಏಳು ಮಂದಿ ಒಳಗೆ ಕಟಕಟೆಯಲ್ಲಿದ್ದರು. ಇನ್ನೊಂದು ಕಡೆ ಲೇಖಕರು, ಅಧ್ಯಾಪಕರು, ಸ್ಕೌಟ್ ದಳದಲ್ಲಿ ಒಟ್ಟಿಗೆ ಬೆಳೆದ ಕೆಲವು ಹುಡುಗರು. ಈ ಓದಿದ ಜನ ಇಲ್ಲಿಗೇಕೆ ಬಂದರು ಎಂದು ಹೆಂಗಸರಿಗೆ ತಿಳಿಯಲಿಲ್ಲ. ಗುಪ್ತ ಪೊಲೀಸರೇ ಇರಬಹುದೆಂಬ ಗುಮಾನಿ. ಒಳಗಿಂದ ತೀರ್ಪು ಬಂತು: ಮೂರರಿಂದ ಐದು ವರ್ಷ ಸಜೆ. ಕಾರಿಡಾರಿನಲ್ಲಿ ಅಳು ಎದ್ದಿತು. ಆಮೇಲೆ ಆ ಓದಿದವರು ಹೆಂಗಸರನ್ನು ಕೇಳಿದ್ದು ರಾಜಕೀಯದ ಮಾತಲ್ಲ. ಮನೆಯಲ್ಲಿ ಮಕ್ಕಳೆಷ್ಟು? ಬಾಡಿಗೆ ಕಟ್ಟಿದ್ದೀರಾ? ವಕೀಲರು ಸಿಕ್ಕಿದ್ದಾರೆಯೇ?

ಸಮಿತಿ ಹುಟ್ಟಿದ್ದು ಆ ಕಾರಿಡಾರಿನಲ್ಲಿ ಎನ್ನಬೇಕು. ಕಾಗದದ ಮೇಲೆ ಅದರ ಹುಟ್ಟಿದ ದಿನ 1976ರ ಸೆಪ್ಟೆಂಬರ್ 23. 'ಕಾರ್ಮಿಕರ ರಕ್ಷಣಾ ಸಮಿತಿ' ಎಂದು ಅದರ ಹೆಸರು. ಪೋಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜನ 'ಕೋರ್' ಎಂದರು. ಐದು ವರ್ಷ ಐದು ದಿನ ಬದುಕಿದ ಈ ಸಂಸ್ಥೆಗೆ ಕಚೇರಿ ಇರಲಿಲ್ಲ, ಬೋರ್ಡು ಇರಲಿಲ್ಲ, ನೋಂದಣಿಯಂತೂ ಕೇಳುವ ಹಾಗೇ ಇರಲಿಲ್ಲ. ಕಮ್ಯುನಿಸ್ಟ್ ಆಳ್ವಿಕೆಯ ಪೂರ್ವ ಯುರೋಪಿನಲ್ಲಿ ವಿರೋಧವೆಂದರೆ ಏನು, ಅದನ್ನು ಹೇಗೆ ಕಟ್ಟಬೇಕು ಎಂಬುದನ್ನು ಇದರಷ್ಟು ಚೆನ್ನಾಗಿ ತೋರಿಸಿಕೊಟ್ಟ ಸಂಸ್ಥೆ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. 1976ರ ಜೂನ್ 24ರಂದು ಪ್ರಧಾನಿ ಪ್ಯೋತ್ರ್ ಯಾರೊಶೆವಿಚ್ ಸಂಸತ್ತಿನಲ್ಲಿ ಆಹಾರದ ಬೆಲೆ ಏರಿಸುವ ಪ್ರಸ್ತಾವ ಮಂಡಿಸಿದರು. ಮಾಂಸದ ಬೆಲೆ ಸರಾಸರಿ ಶೇ. 69ರಷ್ಟು ಏರುವುದಿತ್ತು, ಸಕ್ಕರೆ ದುಪ್ಪಟ್ಟಾಗುವುದಿತ್ತು. ಮರುದಿನ ಬೆಳಿಗ್ಗೆಯೇ ಕಾರ್ಖಾನೆಗಳು ನಿಂತವು. ಉರ್ಸುಸ್‌ನವರು ರೈಲು ಹಳಿಗಳ ಮೇಲೆ ಕುಳಿತರು. ರಾದೊಮ್ ಪಟ್ಟಣದಲ್ಲಿ ಮೆರವಣಿಗೆ ಕಮ್ಯುನಿಸ್ಟ್ ಪಕ್ಷದ ಕಚೇರಿಗೆ ನುಗ್ಗಿತು. ಅಂಗಡಿಯಲ್ಲಿ ಕಣ್ಣಿಗೂ ಬೀಳದ ಒಳ್ಳೆಯ ಮಾಂಸ, ಡಬ್ಬಿ ತಿನಿಸು ಅಲ್ಲಿನ ಕ್ಯಾಂಟೀನಿನಲ್ಲಿ ಸಿಕ್ಕಿತು. ಜನ ಅದನ್ನು ಕಿಟಕಿಯಿಂದ ಬೀದಿಗೆ ಎಸೆದು, ಕಟ್ಟಡಕ್ಕೆ ಬೆಂಕಿ ಇಟ್ಟರು. ಅಂದು ಸಂಜೆ ಪ್ರಧಾನಿ ಟೆಲಿವಿಷನ್‌ನಲ್ಲಿ ಕಾಣಿಸಿಕೊಂಡು ಬೆಲೆ ಏರಿಕೆ ವಾಪಸ್ ಎಂದರು.

ಗೆದ್ದವರಿಗೆ ಶಿಕ್ಷೆ ಶುರುವಾದದ್ದು ಆಮೇಲೆ. ಪೊಲೀಸರು ಎರಡು ಸಾಲಾಗಿ ನಿಂತು, ಹಿಡಿದು ತಂದವರನ್ನು ನಡುವೆ ಓಡಿಸಿ ಎರಡೂ ಕಡೆಯಿಂದ ಲಾಠಿ ಬೀಸಿದರು. ಅದಕ್ಕೆ ಅವರಿಟ್ಟ ಹೆಸರು 'ಆರೋಗ್ಯದ ಹಾದಿ'. ಪಾರ್ಕುಗಳಲ್ಲಿ ಜನ ವ್ಯಾಯಾಮಕ್ಕೆಂದು ಓಡುವ ದಾರಿಗೆ ಅಲ್ಲಿ ಇದ್ದ ಹೆಸರೇ ಅದು. ಸಾವಿರಾರು ಜನರನ್ನು ನೋಟಿಸಿಲ್ಲದೆ ಕೆಲಸದಿಂದ ತೆಗೆದುಹಾಕಿದರು. ಕಾರ್ಮಿಕ ಕಾನೂನಿನ 52ನೇ ಕಲಮಿನಡಿ ವಜಾ ಆದವನಿಗೆ ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲ. ಜನ ಅದನ್ನು 'ತೋಳದ ಚೀಟಿ' ಎನ್ನುತ್ತಿದ್ದರು. ಕಾರ್ಮಿಕರದೇ ರಾಜ್ಯವಾದ್ದರಿಂದ ನಿರುದ್ಯೋಗ ಎಂಬುದೇ ಅಲ್ಲಿ ಇಲ್ಲ, ಆದ್ದರಿಂದ ನಿರುದ್ಯೋಗಿಗೆ ಭತ್ಯೆಯೂ ಇಲ್ಲ. ದೊಡ್ಡ ಕ್ರೀಡಾಂಗಣಗಳಲ್ಲಿ ಸಭೆ ಕೂಡಿಸಿ 'ರಾದೊಮಿನ ಪುಂಡರಿಗೆ ಧಿಕ್ಕಾರ' ಎಂದು ಕೂಗಿಸಿದರು. ಗಂಡ ಜೈಲಿನಲ್ಲಿ, ಕೈಯಲ್ಲಿ ಕಾಸಿಲ್ಲ, ಊರೆಲ್ಲ ಪುಂಡರೆಂದು ಬೈಯುತ್ತಿದೆ: ಆ ಹೆಂಗಸರು ಕಾರಿಡಾರಿಗೆ ಬಂದದ್ದು ಈ ಸ್ಥಿತಿಯಲ್ಲಿ.

ಓದಿದವರು ಯಾಕೆ ಬಂದರು? 1968ರಲ್ಲಿ ವಿದ್ಯಾರ್ಥಿಗಳು ಹೊಡೆತ ತಿಂದಾಗ ಕಾರ್ಮಿಕರು ಜೊತೆಗೆ ನಿಂತಿರಲಿಲ್ಲ. 1970ರ ಡಿಸೆಂಬರಿನಲ್ಲಿ ಬಾಲ್ಟಿಕ್ ತೀರದ ಹಡಗುಕಟ್ಟೆಗಳಲ್ಲಿ ಕಾರ್ಮಿಕರು ಗುಂಡಿಗೆ ಬಲಿಯಾದಾಗ ಓದಿದವರು ಸುಮ್ಮನಿದ್ದರು. ಸರ್ಕಾರಕ್ಕೆ ಬೇಕಾದದ್ದೂ ಅದೇ. ಮೂರನೆಯ ಸಲವೂ ಹಾಗಾಗಬಾರದು ಎಂಬ ಪಾಪಪ್ರಜ್ಞೆಯೇ ಸಮಿತಿಯ ಮೊದಲ ಬಂಡವಾಳ.

ಸೆಪ್ಟೆಂಬರ್ 23ರ ಮನವಿಗೆ ಸಹಿ ಹಾಕಿದವರು 14 ಜನ. ಎಷ್ಟು ಬಗೆಯವರು! ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲಿಪಿನ್ಸ್ಕಿಗೆ ಆಗ 87 ವರ್ಷ. ಪ್ಯೋತ್ರ್ ನೈಮ್ಸ್ಕಿಗೆ 25. ಯುದ್ಧಕಾಲದ ಭೂಗತ ಸೇನೆಯ ಪಾದ್ರಿ ಯಾನ್ ಜ್ಯೇಯಾ, ಅದೇ ಸೇನೆಯ ಅಧಿಕಾರಿಯಾಗಿದ್ದ ಯೂಜೆಫ್ ರಿಬಿಟ್ಸ್ಕಿ, 1945ರಲ್ಲಿ ಬಂಧಿಸಿ ಮಾಸ್ಕೋಗೆ ಒಯ್ದ ಹದಿನಾರು ನಾಯಕರಲ್ಲಿ ಒಬ್ಬರಾಗಿದ್ದ ಸಮಾಜವಾದಿ ಆಂತೋನಿ ಪೈದಾಕ್, ವಕೀಲೆ ಆನ್ಯೆಲಾ ಸ್ಟೈನ್ಸ್‌ಬೆರ್ಗೋವಾ, ಕಾದಂಬರಿಕಾರ ಯೆಜಿ ಆಂದ್ಜೆಯೆವ್ಸ್ಕಿ, ಕವಿ ಸ್ಟಾನಿಸ್ವಾಫ್ ಬರಾಂಚಾಕ್, ವಿಮರ್ಶಕ ಯಾನ್ ಯೂಜೆಫ್ ಲಿಪ್ಸ್ಕಿ. ಆಗಲೇ ಎರಡು ಸಲ ಜೈಲು ಕಂಡಿದ್ದ ಯಾತ್ಸೆಕ್ ಕುರೋನ್. ಸ್ಕೌಟ್ ಹುಡುಗರ ನಡುವಿನಿಂದ ಬಂದ ಆಂತೋನಿ ಮಾಚೆರೆವಿಚ್. ನಟಿ ಹಲೀನಾ ಮಿಕೊವಾಯ್ಸ್ಕಾ ಸ್ವಲ್ಪದರಲ್ಲೇ ಸೇರಿಕೊಂಡರು. ದೇವರನ್ನು ನಂಬಿದವರು, ನಂಬದವರು, ಒಂದು ಕಾಲಕ್ಕೆ ಪಕ್ಷದಲ್ಲೇ ಇದ್ದವರು, ಪಕ್ಷವನ್ನು ಹುಟ್ಟಾ ವಿರೋಧಿಸಿದವರು ಎಲ್ಲರೂ ಇದ್ದರು.

ಈ ಸಮಿತಿಯ ನಿಜವಾದ ಹೊಸತನವನ್ನು ಅದರ ಕಾಗದಗಳ ಕೆಳಭಾಗದಲ್ಲಿ ನೋಡಬೇಕು. ಸದಸ್ಯರ ಹೆಸರು, ಮನೆಯ ವಿಳಾಸ, ಟೆಲಿಫೋನ್ ನಂಬರು ಅಲ್ಲಿ ಇರುತ್ತಿದ್ದವು. ಗುಪ್ತ ಪೊಲೀಸರ ರಾಜ್ಯದಲ್ಲಿ ವಿರೋಧಿಗಳು ಅಡಗಿ ಕೆಲಸ ಮಾಡುತ್ತಾರೆ ಎಂಬುದು ಎಲ್ಲರೂ ಒಪ್ಪಿದ ಮಾತು. ಇವರು ಅಡಗಲಿಲ್ಲ. ಅಡಗಿದರೆ ತೊಂದರೆಯಲ್ಲಿರುವ ಹೆಂಗಸು ಯಾರ ಬಾಗಿಲು ತಟ್ಟಬೇಕು? ಅಡಗಿದವನನ್ನು ಯಾರು ನಂಬುತ್ತಾರೆ? ಪೋಲೆಂಡಿನ ಸಂವಿಧಾನದಲ್ಲೂ ಸರ್ಕಾರವೇ ಸಹಿ ಹಾಕಿದ 1975ರ ಹೆಲ್ಸಿಂಕಿ ಒಪ್ಪಂದದಲ್ಲೂ ಈ ಹಕ್ಕುಗಳು ಬರೆದಿವೆ, ನಾವು ಅವು ಇವೆಯೆಂದೇ ನಡೆದುಕೊಳ್ಳುತ್ತೇವೆ ಎಂಬುದು ಅವರ ನಿಲುವು. ಆ ನಂಬರುಗಳಿಗೆ ಬಂದ ಕರೆಗಳಲ್ಲಿ ಅಶ್ಲೀಲ ಬೈಗುಳ, ಬೆದರಿಕೆಗಳಿಗೇನೂ ಕೊರತೆಯಿರಲಿಲ್ಲ. ಮಿಕೊವಾಯ್ಸ್ಕಾ ಇದನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದರು. ಆದರೂ ನಂಬರು ತೆಗೆಯಲಿಲ್ಲ.

ಎರಡನೆಯದು ಲೆಕ್ಕ. ಜನ ಕೊಟ್ಟ ದುಡ್ಡು ಎಷ್ಟು, ಖರ್ಚಾದದ್ದು ಎಷ್ಟು, ಯಾವ ಬಾಬತ್ತಿಗೆ ಎಂದು ಸಮಿತಿಯ ಪ್ರಕಟಣೆಯಲ್ಲೇ ಅಚ್ಚಾಗುತ್ತಿತ್ತು. ವಕೀಲರ ಫೀ, ಕೋರ್ಟು ದಂಡ, ಮನೆಖರ್ಚು, ಔಷಧಿ. ಅನುಮತಿಯಿಲ್ಲದೆ ವಂತಿಗೆ ಎತ್ತಿದರೆಂದು ಸರ್ಕಾರ ಇವರ ಮೇಲೆ ದಂಡ ಹಾಕಿತು. ಹಳ್ಳಿಯ ಜಾತ್ರೆ ಸಮಿತಿಯ ಲೆಕ್ಕ ನೋಡಿದ ಯಾರಿಗಾದರೂ ಗೊತ್ತಿರುತ್ತದೆ, ನಂಬಿಕೆ ಹುಟ್ಟುವುದೂ ಸಾಯುವುದೂ ಅಲ್ಲೇ.

ನಂಬಿಕೆ ಸುಲಭಕ್ಕೆ ಸಿಗಲಿಲ್ಲ. ವಾರ್ಸಾದಿಂದ ರಾದೊಮ್ ಸುಮಾರು 100 ಕಿಲೋಮೀಟರ್. ಭೌತವಿಜ್ಞಾನಿ ದಂಪತಿ ಜೋಫಿಯಾ ಮತ್ತು ಜ್ಬಿಗ್ನ್ಯೆಫ್ ರೊಮಾಶೆವ್ಸ್ಕಿ, ಪರಮಾಣು ಸಂಶೋಧನಾ ಸಂಸ್ಥೆಯಲ್ಲಿದ್ದ ರಸಾಯನ ವಿಜ್ಞಾನಿ ಮಿರೊಸ್ವಾಫ್ ಖೊಯೆತ್ಸ್ಕಿ ಮತ್ತೆ ಮತ್ತೆ ಅಲ್ಲಿಗೆ ಹೋದರು. ಹೊಡೆತ ತಿಂದವರ ವಿಳಾಸ ಒಂದೊಂದಾಗಿ ಹುಡುಕಬೇಕು. ಒಬ್ಬರು ಬಾಗಿಲು ತೆರೆದರೆ ಇನ್ನೊಬ್ಬರ ಹೆಸರು ಸಿಗುತ್ತದೆ. ಹಲವರು ತೆರೆಯಲೇ ಇಲ್ಲ. ಹಿಂದೆ ಪೊಲೀಸರು ಇದ್ದೇ ಇರುತ್ತಿದ್ದರು. ಹಿಡಿದು ಕೂರಿಸಿ, ಹೊಡೆದು ಕಳಿಸಿದ್ದೂ ಉಂಟು. ಖೊಯೆತ್ಸ್ಕಿ ಕೆಲಸ ಕಳೆದುಕೊಂಡರು. ಹೀಗೆ ಅಲೆದಲೆದು ಕೊನೆಗೆ ರಾದೊಮಿನ ಕಾರ್ಮಿಕರೇ ತಮ್ಮ ಹೆಸರು ಹಾಕಿ, ಪೊಲೀಸರು ಹೊಡೆದರೆಂದು ಮುಖ್ಯ ಪ್ರಾಸಿಕ್ಯೂಟರ್‌ಗೆ ದೂರು ಬರೆದುಕೊಟ್ಟರು. ಅಷ್ಟು ಹೊಡೆತ ತಿಂದವನು ಸಹಿ ಹಾಕುವ ಧೈರ್ಯ ತಂದುಕೊಂಡನಲ್ಲ, ಸಮಿತಿಯ ಇಡೀ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅದು.

1977ರ ಮೇ 7ರಂದು ಕ್ರಾಕೋವ್‌ನಲ್ಲಿ ಸಮಿತಿಯ ಜೊತೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿ ಸ್ಟಾನಿಸ್ವಾಫ್ ಪಿಯಾಸ್ ಒಂದು ಮನೆಯ ಪ್ರವೇಶದ್ವಾರದಲ್ಲಿ ಹೆಣವಾಗಿ ಸಿಕ್ಕಿದರು. ಅವರ ಗೆಳೆಯರು ಪೊಲೀಸರ ಕೈವಾಡ ಎಂದೇ ನಂಬಿದರು. ಊರಿನಲ್ಲಿ ಶೋಕದ ಮೆರವಣಿಗೆ ನಡೆಯಿತು. ಸರ್ಕಾರ ಕುರೋನ್, ಆಗಷ್ಟೇ ವಿದೇಶದಿಂದ ಮರಳಿದ್ದ ಆದಮ್ ಮಿಖ್ನಿಕ್ ಮೊದಲಾದವರನ್ನು ಬಂಧಿಸಿತು. ವಾರ್ಸಾದ ಸಂತ ಮಾರ್ಟಿನ್ ಚರ್ಚಿನಲ್ಲಿ ಉಪವಾಸ ನಡೆಯಿತು. ಕುಳಿತವರ ವಕ್ತಾರ ತದೇವುಶ್ ಮಜೊವ್ಯೆಟ್ಸ್ಕಿ, ಹನ್ನೆರಡು ವರ್ಷಗಳ ಬಳಿಕ ಪ್ರಧಾನಿಯಾದವರು. ಜುಲೈನಲ್ಲಿ ಕ್ಷಮಾದಾನ ಘೋಷಣೆಯಾಗಿ, ಜೂನ್ ಪ್ರಕರಣದಲ್ಲಿ ಇನ್ನೂ ಜೈಲಿನಲ್ಲಿದ್ದ ಕಾರ್ಮಿಕರೂ ಸಮಿತಿಯವರೂ ಹೊರಬಂದರು. ಹುಟ್ಟಿದ ಹತ್ತು ತಿಂಗಳಿಗೇ ಉದ್ದೇಶ ಈಡೇರಿತ್ತು. ಮುಚ್ಚಬಹುದಿತ್ತು. ಮುಚ್ಚಲಿಲ್ಲ, ಸಾಮಾಜಿಕ ಆತ್ಮರಕ್ಷಣಾ ಸಮಿತಿ ಎಂದು ಹೆಸರು ಹಿಗ್ಗಿಸಿಕೊಂಡು ಮುಂದುವರಿದರು.

ಆಮೇಲೆ ಕವಲುಗಳು. ಹಕ್ಕು ಕಳೆದುಕೊಂಡವರ ಪರ ನಿಲ್ಲುವ ಮಧ್ಯಪ್ರವೇಶ ವಿಭಾಗವನ್ನು ರೊಮಾಶೆವ್ಸ್ಕಿ ದಂಪತಿ ನಡೆಸಿದರು. ಪಠ್ಯದಲ್ಲಿ ಇಲ್ಲದ ಚರಿತ್ರೆಯನ್ನು ಜನರ ಮನೆಗಳಲ್ಲೇ ಕಲಿಸುವ 'ಹಾರುವ ವಿಶ್ವವಿದ್ಯಾಲಯ' ಇತ್ತು. 1979ರ ಮಾರ್ಚಿನಲ್ಲಿ ಕುರೋನ್ ಮನೆಯಲ್ಲಿ ಅಂಥ ಒಂದು ಪಾಠದ ದಿನ ಗೂಂಡಾಗಳು ನುಗ್ಗಿ ಮನೆಯವರನ್ನೂ ಬಂದವರನ್ನೂ ಹೊಡೆದರು.

ಖೊಯೆತ್ಸ್ಕಿ ಕಟ್ಟಿದ ನೋವಾ ಪ್ರಕಾಶನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೆನ್ಸಾರ್ ದಾಟದ ಪುಸ್ತಕಗಳು, ಮಿವೊಶ್, ಆರ್ವೆಲ್, ಗ್ರಾಸ್, ಅಲ್ಲಿ ಅಚ್ಚಾದವು. ಅಂಗಡಿಯಲ್ಲಿ ಅಚ್ಚಿನ ಮಸಿ ಕೊಳ್ಳಲು ಬರುವುದಿಲ್ಲ, ಕೊಂಡರೆ ಹೆಸರು ದಾಖಲಾಗುತ್ತದೆ. ಕೈ ತೊಳೆಯುವ ಪೇಸ್ಟಿಗೆ ಬಣ್ಣ ಕಲಸಿ ಮಸಿ ಮಾಡಿಕೊಂಡರು. ಮರದ ಚೌಕಟ್ಟಿಗೆ ತೆಳುಬಟ್ಟೆ ಬಿಗಿದು, ಸ್ಟೆನ್ಸಿಲ್ ಅಂಟಿಸಿ, ಮಸಿ ಎಳೆದು, ಹಾಳೆ ತೆಗೆದು ಒಣಹಾಕಬೇಕು. ಯಾರದೋ ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು, ರಾತ್ರಿಯಿಡೀ. ಮುದ್ರಕರ ಹೆಸರು ಮಾತ್ರ ಹೊರಗೆ ಬರುತ್ತಿರಲಿಲ್ಲ. ಸಮಿತಿಯಲ್ಲಿ ಗುಟ್ಟೆಂಬುದು ಇದ್ದದ್ದು ಇಲ್ಲಿ ಒಂದೇ ಕಡೆ. 1980ರಲ್ಲಿ ಖೊಯೆತ್ಸ್ಕಿಯನ್ನು ಬಂಧಿಸಿದಾಗ ಅವರು ಜೈಲಿನಲ್ಲಿ ಉಪವಾಸ ಹೂಡಿದರು; ಬಲವಂತದಿಂದ ಆಹಾರ ತುರುಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಿವೊಶ್‌ಗೆ ನೊಬೆಲ್ ಬಂದಾಗ, ದೇಶದೊಳಗೆ ಅವರ ಕಾವ್ಯವನ್ನು ಜನರ ಕೈಗೆ ಮುಟ್ಟಿಸಿದ್ದವರು ಈ ಪೇಸ್ಟಿನ ಮಸಿಯವರು.

'ರೊಬೊತ್ನಿಕ್', ಅಂದರೆ 'ಕಾರ್ಮಿಕ', ಎಂಬ ಪತ್ರಿಕೆ 1977ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅದು ಕಾರ್ಖಾನೆ ಗೇಟುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಮರುವರ್ಷ ಗ್ದಾನ್ಸ್ಕ್‌ನಲ್ಲಿ ಸ್ವತಂತ್ರ ಕಾರ್ಮಿಕ ಸಂಘದ ಪುಟ್ಟ ಗುಂಪು ಹುಟ್ಟಿತು. ಕೋರ್‌ನ ಬೊಗ್ದಾನ್ ಬೊರುಸೆವಿಚ್ ಅದರ ಬೆನ್ನಿಗಿದ್ದರು. ಎಲೆಕ್ಟ್ರೀಷಿಯನ್ ಲೆಕ್ ವಲೇಸಾ, ಕ್ರೇನ್ ನಡೆಸುವ ಆನ್ನಾ ವಾಲೆಂತಿನೊವಿಚ್ ಅದರಲ್ಲಿ ಸೇರಿದರು. 1980ರ ಆಗಸ್ಟಿನಲ್ಲಿ, ನಿವೃತ್ತಿಗೆ ಐದೇ ತಿಂಗಳಿದ್ದಾಗ ಆನ್ನಾರನ್ನು ವಜಾ ಮಾಡಿದರು. ಆಗಸ್ಟ್ 14ರ ಮುಂಜಾನೆ ಅವರು ದುಡಿಯುತ್ತಿದ್ದ ಲೆನಿನ್ ಹಡಗುಕಟ್ಟೆ ನಿಂತಿತು. ಬೊರುಸೆವಿಚ್ ಮೊದಲೇ ಸಿದ್ಧಮಾಡಿದ್ದ ಕರಪತ್ರದಲ್ಲಿದ್ದ ಬೇಡಿಕೆ: ಆನ್ನಾರಿಗೆ ಕೆಲಸ ವಾಪಸ್ ಕೊಡಿ. ನಾಲ್ಕು ವರ್ಷದ ಹಿಂದೆ ಕಾರಿಡಾರಿನಲ್ಲಿ ಕೇಳಿದ್ದೂ ಅಂಥದ್ದೇ ಪ್ರಶ್ನೆಯಲ್ಲವೇ?

ಆ ಬೇಸಿಗೆಯಲ್ಲಿ ಕುರೋನ್ ಮನೆಯ ಟೆಲಿಫೋನೇ ದೇಶದ ಸುದ್ದಿಸಂಸ್ಥೆ. ಯಾವ ಊರಿನ ಯಾವ ಕಾರ್ಖಾನೆ ನಿಂತಿತು ಎಂದು ಕಾರ್ಮಿಕರು ಅಲ್ಲಿಗೆ ಹೇಳುತ್ತಿದ್ದರು. ಅಲ್ಲಿಂದ ಸುದ್ದಿ ವಿದೇಶಿ ವರದಿಗಾರರಿಗೆ. ಸಂಜೆ ಮ್ಯೂನಿಕ್‌ನಿಂದ ರೇಡಿಯೊ ಫ್ರೀ ಯುರೋಪ್ ಅದನ್ನೇ ಪೋಲಿಷಿನಲ್ಲಿ ಓದುತ್ತಿತ್ತು. ಪಕ್ಕದ ಊರಿನ ಮುಷ್ಕರವನ್ನು ಪಕ್ಕದ ಊರಿನವರು ತಿಳಿಯುತ್ತಿದ್ದುದು ಮ್ಯೂನಿಕ್ ಸುತ್ತಿಬಂದ ಸುದ್ದಿಯಿಂದ! ಆಗಸ್ಟ್ 31ರಂದು ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ಸ್ವತಂತ್ರ ಕಾರ್ಮಿಕ ಸಂಘ 'ಸಾಲಿಡಾರಿಟಿ' ಹುಟ್ಟಿತು.

ಒಂದು ವರ್ಷದ ನಂತರ, 1981ರ ಸೆಪ್ಟೆಂಬರ್ 28ರಂದು, ಗ್ದಾನ್ಸ್ಕ್‌ನಲ್ಲಿ ಸಾಲಿಡಾರಿಟಿಯ ಮೊದಲ ಮಹಾಧಿವೇಶನದಲ್ಲಿ 92 ವರ್ಷದ ಲಿಪಿನ್ಸ್ಕಿ ವೇದಿಕೆ ಹತ್ತಿ ಸಮಿತಿಯ ವಿಸರ್ಜನೆ ಪ್ರಕಟಿಸಿದರು. ಕಾರ್ಮಿಕರಿಗೆ ಈಗ ತಮ್ಮದೇ ಸಂಘ ಇದೆ, ರಕ್ಷಣಾ ಸಮಿತಿ ಬೇಡ. ಬೆಳೆದ ಸಂಸ್ಥೆಯನ್ನು ತಾವಾಗಿ ಮುಚ್ಚುವವರು ಎಷ್ಟು ಜನ?

ಎರಡೂವರೆ ತಿಂಗಳಿಗೆ, ಡಿಸೆಂಬರ್ 13ರಂದು, ಸೈನಿಕ ಆಡಳಿತ ಬಂತು. ಕುರೋನ್, ಮಿಖ್ನಿಕ್ ಮೊದಲಾದವರ ಮೇಲೆ ಪ್ರಭುತ್ವ ಉರುಳಿಸುವ ಸಂಚಿನ ಆರೋಪ. ಹೃದಯದ ಚಿಕಿತ್ಸೆಗೆ ಲಂಡನ್ನಿಗೆ ಹೋಗಿದ್ದ ಲಿಪ್ಸ್ಕಿ, ಸಂಗಾತಿಗಳ ಮೇಲೆ ಮೊಕದ್ದಮೆ ಎಂದು ಕೇಳಿ, 1982ರ ಸೆಪ್ಟೆಂಬರಿನಲ್ಲಿ ವಾಪಸ್ ಬಂದು ಬಂಧನಕ್ಕೊಳಗಾದರು. ಸಮಿತಿಯ ಮೊದಲ ದೊಡ್ಡ ಚರಿತ್ರೆಯನ್ನು ಬರೆದವರೂ ಅವರೇ. ವಿಚಾರಣೆ 1984ರಲ್ಲಿ ಶುರುವಾಗಿ, ಕ್ಷಮಾದಾನದೊಂದಿಗೆ ಮುಗಿಯಿತು.

1989ರ ನಂತರ ಸಮಿತಿಯವರು ಬೇರೆ ಬೇರೆ ದಿಕ್ಕು ಹಿಡಿದರು. ಮಿಖ್ನಿಕ್ ಹೊಸ ದಿನಪತ್ರಿಕೆಯ ಸಂಪಾದಕರಾದರು. ಮಾಚೆರೆವಿಚ್, ನೈಮ್ಸ್ಕಿ ಬಲಪಂಥಕ್ಕೆ ಸರಿದು ಮುಂದೆ ಅಧಿಕಾರದ ದೊಡ್ಡ ಹುದ್ದೆಗಳಲ್ಲಿ ಕುಳಿತರು. ಇಂದು ಪೋಲೆಂಡಿನ ಅತಿ ಕಹಿಯಾದ ರಾಜಕೀಯ ಜಗಳಗಳಲ್ಲಿ ಎದುರುಬದುರು ನಿಂತವರಲ್ಲಿ ಒಂದು ಕಾಲಕ್ಕೆ ಇದೇ ಸಮಿತಿಯಲ್ಲಿ ಜೊತೆಗಿದ್ದವರಿದ್ದಾರೆ. ಇದನ್ನು ಸಮಿತಿಯ ಸೋಲೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ಒಂದೇ ಸಿದ್ಧಾಂತಕ್ಕೆ ಯಾವತ್ತೂ ಒಪ್ಪಿದವರಲ್ಲ, ಒಪ್ಪಿದ್ದು ಒಂದು ಕೆಲಸಕ್ಕೆ.

ಕುರೋನ್ 1989ರಲ್ಲಿ ಕಾರ್ಮಿಕ ಮಂತ್ರಿಯಾದರು. ಮಾರುಕಟ್ಟೆಗೆ ಬಾಗಿಲು ತೆರೆದ ಸುಧಾರಣೆಗಳಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಉರ್ಸುಸ್ ಕೂಡ ಸೊರಗಿತು. ಯಾರಿಗಾಗಿ ಸಮಿತಿ ಕಟ್ಟಿದ್ದರೋ ಅವರೇ ಮತ್ತೆ ಬೀದಿಗೆ ಬಂದದ್ದು ಕುರೋನ್ ಅವರನ್ನು ಕೊನೆಯವರೆಗೂ ಕಾಡಿತು. ಆ ಸುಧಾರಣೆಗಳನ್ನು ಕಡೆಯ ವರ್ಷಗಳಲ್ಲಿ ಅವರು ತಾವೇ ಕಟುವಾಗಿ ಪ್ರಶ್ನಿಸಿದರು. 2004ರ ಜೂನ್ 17ರಂದು ತೀರಿಕೊಂಡರು. ಮಂತ್ರಿಯಾಗಿದ್ದಾಗ ಬಡವರಿಗೆ ಅವರು ತಾವೇ ಸೌಟು ಹಿಡಿದು ಸೂಪು ಬಡಿಸುತ್ತಿದ್ದರು. ಆ ಸೂಪಿಗೆ ಜನ 'ಕುರೋನ್ಯುಫ್ಕಾ' ಎಂದರು. ಆಗಲೇ ಜಾರಿಗೆ ಬಂದ ನಿರುದ್ಯೋಗ ಭತ್ಯೆಗೂ ಅದೇ ಹೆಸರು ಅಂಟಿಕೊಂಡಿತು. 1976ರಲ್ಲಿ ರಾದೊಮಿನ ಯಾವ ಮನೆಗೂ ಸಿಗದಿದ್ದ ಭತ್ಯೆ ಅದು.